ಕಂಬಕ್ಕೆ ಹೇಳಿದ ಮಾತು

ನಾನು ಬರೆದ ಆ ವರದಿಯಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ. ಆದರೂ ಅದರಿಂದಲೇ ಒಬ್ಬ ಹೆಂಗಸಿನ ಕೆಲಸ ಹೋಯಿತು, ಮನೆಯಲ್ಲಿ ಅವಳನ್ನು ಮಾತಾಡಿಸುವವರಿಲ್ಲದಂತಾಯಿತು. ಇದನ್ನು ಬರೆಯಲು ಇಷ್ಟು ದಿನ ಯಾಕೆ ತಡೆದೆ ಎಂದು ಯಾರಾದರೂ ಕೇಳಿದರೆ ನಾಚಿಕೆಯಿಂದ ಎಂದು ಹೇಳಬೇಕಾಗುತ್ತದೆ.

ಆಗ ನಾನು ತೆಲಂಗಾಣದ ಮಕ್ತಲ್ ಊರಾಚೆಯ, ಹತ್ತಿಯಿಂದ ಬೀಜ ಬಿಡಿಸುವ ಒಂದು ಹಳೆಯ ಜಿನ್ನಿಂಗ್ ಮಿಲ್ಲಿನಲ್ಲಿ ಮ್ಯಾನೇಜರ್ ಆಗಿದ್ದೆ. ಮನೆ ನಾರಾಯಣಪೇಟೆಯಲ್ಲಿ. ಬೆಳಗಿನ ಬಸ್ಸಿಗೆ ಹೋಗಿ ಸಂಜೆಯ ಬಸ್ಸಿಗೆ ಬರುತ್ತಿದ್ದೆ. ನಮ್ಮದು ಮಗ್ಗದ ಮನೆ. ಅಪ್ಪ ಬದುಕಿನುದ್ದಕ್ಕೂ ಮಗ್ಗದ ಗುಂಡಿಯಲ್ಲಿ ಕಾಲಿಟ್ಟು ಕೂತು ಸೀರೆ ನೇಯ್ದವರು. ಆ ಮನೆಯಿಂದ ಮೇಜಿನ ಮುಂದೆ ಕೂರುವ ಕೆಲಸಕ್ಕೆ ಹೋದ ಮೊದಲ ಹೆಣ್ಣು ನಾನು. ಅದರ ಜಂಬ ನನಗೆ ಸಾಕಷ್ಟು ಇತ್ತು, ಸಿಟ್ಟಂತೂ ಮೂಗಿನ ತುದಿಯಲ್ಲೇ ಇತ್ತು.

ಕೆಲಸ ಮಾಡುತ್ತಲೇ ಅಂಚೆಯ ಮೂಲಕ ಮ್ಯಾನೇಜ್‌ಮೆಂಟ್ ಪದವಿ ಓದಿದ್ದೆ. ಅದರಲ್ಲಿ ನನಗೆ ಬಹಳ ಹಿಡಿಸಿದ್ದು ಸಂವಹನದ ಪಾಠ. ಹೇಳುವವರು ಒಬ್ಬರು, ಕೇಳುವವರು ಒಬ್ಬರು, ನಡುವೆ ಮಾತು ಸಾಗುವ ದಾರಿ. ದಾರಿಯಲ್ಲಿ ಗದ್ದಲವಿದ್ದರೆ ಮಾತು ಕೆಡುತ್ತದೆ. ನಡುವೆ ಕೈ ಬದಲಾದಷ್ಟೂ ಮಾತು ಸವೆಯುತ್ತದೆ. ತಲುಪಿತೋ ಇಲ್ಲವೋ ಎಂದು ತಿಳಿಯಲು ಮರುಮಾತು ಬರಬೇಕು. ಪುಸ್ತಕದಲ್ಲಿ ಎರಡು ಚೌಕ ಬರೆದು ನಡುವೆ ಒಂದು ಬಾಣ ಎಳೆದಿದ್ದರು. ಆ ಬಾಣ ನೋಡಿ ನನಗೆ ಲೋಕವೇ ಅರ್ಥವಾದಂತೆ ಅನಿಸಿತ್ತು. ಪರೀಕ್ಷೆಯಲ್ಲಿ ಆ ಪಾಠಕ್ಕೇ ಹೆಚ್ಚು ಅಂಕ ಬಂದಿದ್ದವು. ಇನ್ನು ಅದನ್ನು ಎಲ್ಲಾದರೂ ಬಳಸಿ ನೋಡಬೇಕು ಎಂಬ ಚಪಲ ಹತ್ತಿತ್ತು.

ಮಿಲ್ಲಿನ ಒಳಗೆ ಉದ್ದಕ್ಕೂ ಎರಡು ಸಾಲು ಜಿನ್ ಯಂತ್ರಗಳು. ಒಂದೊಂದರ ಮುಂದೆ ಒಬ್ಬ ಹೆಂಗಸು ನಿಂತು ಹತ್ತಿ ಉಣಿಸಬೇಕು. ಎಲ್ಲ ಯಂತ್ರಗಳೂ ಒಂದೇ ಶಾಫ್ಟಿನಿಂದ ತಿರುಗುತ್ತಿದ್ದವು. ಶಾಫ್ಟಿನಿಂದ ಯಂತ್ರಕ್ಕೆ ಚರ್ಮದ ಅಗಲವಾದ ಬೆಲ್ಟು. ಅಲ್ಲಿ ಎಲ್ಲರೂ ಅದನ್ನು ಪಟ್ಟಾ ಎನ್ನುತ್ತಿದ್ದರು. ಯಂತ್ರ ಸರಿಯಿಲ್ಲದಿದ್ದರೆ, ಪಟ್ಟಾ ಸಡಿಲಾದರೆ, ಹೆಂಗಸರು ಮೇಸ್ತ್ರಿಗೆ ತಿಳಿಸಬೇಕು. ಮೇಸ್ತ್ರಿಗೆ ಐವತ್ತರ ಹತ್ತಿರದ ವಯಸ್ಸು. ಕುರಿ ಕಾಯುವ ಮನೆತನದವರು, ಬೀರಪ್ಪನ ಒಕ್ಕಲು. ಕುರಿ ಬಿಟ್ಟು ಯಂತ್ರ ಕಲಿತವರು. ಒಮ್ಮೆಯೂ ಯಾರನ್ನೂ ಗದರಿದ್ದು ನಾನು ಕೇಳಿಲ್ಲ.

ನಾಲ್ಕನೇ ಯಂತ್ರದ ಮೇಲಿದ್ದವಳು ಅವರ ತಮ್ಮನ ಹೆಂಡತಿ. ತಮ್ಮ ಹೈದರಾಬಾದಿನಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿದ್ದ. ಮಕ್ತಲ್‌ನಲ್ಲಿ ಎರಡೂ ಸಂಸಾರ ಒಂದೇ ಅಂಗಳದಲ್ಲಿ, ಒಂದೇ ಒಲೆಯಲ್ಲಿ. ನಮ್ಮ ಕಡೆ ತಮ್ಮನ ಹೆಂಡತಿಯಾದವಳು ಗಂಡನ ಅಣ್ಣನ ಎದುರು ನಿಂತು ಮಾತಾಡುವುದಿಲ್ಲ. ಸೆರಗು ತಲೆಯ ಮೇಲೆ ಎಳೆದುಕೊಂಡು, ನಡುವೆ ಇರುವ ಯಾರಿಗಾದರೂ ಹೇಳುತ್ತಾಳೆ. ಅವರು ಅದನ್ನು ಮತ್ತೆ ಹೇಳುತ್ತಾರೆ.

ಮಿಲ್ಲಿನಲ್ಲಿ ಆ ನಡುವಿನವಳು ಒಬ್ಬ ಅಜ್ಜಿ. ಯಂತ್ರದ ಬುಡದಲ್ಲಿ ಬಿದ್ದ ಹತ್ತಿ ಗುಡಿಸುವುದು ಅವಳ ಕೆಲಸ. ನಾನು ಸೇರಿದ ಮೊದಲ ವಾರದಲ್ಲೇ ಆ ಆಟ ನೋಡಿದೆ. ಮೇಸ್ತ್ರಿ ಎರಡು ಮಾರು ದೂರದಲ್ಲಿ ಬೆನ್ನು ಹಾಕಿ ನಿಂತಿದ್ದರು.

"ರೋಲರು ಬಿಸಿ ಆಗೇತಿ ಅಂತ ಹೇಳವ್ವ," ಎಂದಳು ಇವಳು ಅಜ್ಜಿಗೆ.

"ರೋಲರು ಬಿಸಿ ಆಗೇತಂತರಿ," ಎಂದಳು ಅಜ್ಜಿ ಮೇಸ್ತ್ರಿಗೆ.

"ಜರಾ ನಿಂದ್ರಸು ಅಂತ ಹೇಳು," ಎಂದರು ಮೇಸ್ತ್ರಿ.

"ಜರಾ ನಿಂದ್ರಸಬೇಕಂತ," ಎಂದಳು ಅಜ್ಜಿ.

ಎಲ್ಲರಿಗೂ ಎಲ್ಲವೂ ಮೊದಲೇ ಕೇಳಿಸಿತ್ತು. ನಾನು ಆಫೀಸಿಗೆ ಹೋಗಿ ಒಬ್ಬಳೇ ನಕ್ಕೆ. ಆಮೇಲೆ ನೋಟ್‌ಬುಕ್ಕಿನಲ್ಲಿ ಮೂರು ಚೌಕ, ನಾಲ್ಕು ಬಾಣ ಬರೆದು, ನಡುವಿನ ಚೌಕದ ಮೇಲೆ ಅಡ್ಡಗೀಟು ಎಳೆದೆ.

ಈ ಪದ್ಧತಿ ನನಗೆ ಗೊತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ನಮ್ಮ ಮನೆಯಲ್ಲೂ ಚಿಕ್ಕಮ್ಮ ಅಪ್ಪನೊಡನೆ ಹೀಗೆಯೇ ಮಾತಾಡುತ್ತಿದ್ದಳು. ನಡುವೆ ಮನುಷ್ಯರು ಸಿಗದಿದ್ದರೆ ಗೋಡೆಗೆ ಹೇಳುತ್ತಿದ್ದಳು. ಚಿಕ್ಕವಳಿದ್ದಾಗ ನನಗೆ ಅದು ಹೆಂಗಸಿಗೆ ಮಾಡುವ ಅವಮಾನ ಎನಿಸುತ್ತಿತ್ತು. ಈಗಲೂ ಪೂರ್ತಿ ಬೇರೆ ಅನಿಸಿಲ್ಲ. ನನ್ನ ಕೈಗೆ ಅಧಿಕಾರ ಬಂದಾಗ ಅದನ್ನು ಮುರಿಯಬೇಕು ಎಂದುಕೊಂಡದ್ದರಲ್ಲಿ ಒಳ್ಳೆಯ ಉದ್ದೇಶವೂ ಇತ್ತು, ಹಳೆಯ ಸೇಡೂ ಇತ್ತು. ಎರಡನ್ನೂ ನಾನು ಸಿದ್ಧಾಂತ ಎಂದು ಕರೆದೆ.

ಮರುವಾರ ಗೇಟಿನ ಬೋರ್ಡಿನ ಮೇಲೆ ತೆಲುಗಿನಲ್ಲಿ ಸೂಚನೆ ಬರೆಸಿದೆ. ಯಂತ್ರದ ಮೇಲಿರುವವರು ತೊಂದರೆಯನ್ನು ನೇರವಾಗಿ ಮೇಸ್ತ್ರಿಗೇ ಹೇಳಬೇಕು, ಮೂರನೆಯವರ ಮೂಲಕ ಹೇಳಕೂಡದು. ಓದಲು ಬಾರದವರಿಗೆ ನಾನೇ ನಿಂತು ಕನ್ನಡದಲ್ಲಿ ಹೇಳಿದೆ. ತಿಳಿಯಿತೇ ಎಂದು ಕೇಳಿದೆ.

"ಆತ್ರಿ ಮೇಡಂ," ಎಂದರು ಎಲ್ಲರೂ.

ಮರುಮಾತು ಬಂದಿತ್ತಲ್ಲ, ನನಗೆ ಅಷ್ಟು ಸಾಕಾಯಿತು. ಅಜ್ಜಿಯನ್ನು ಹಿಂದಿನ ಗೋದಾಮಿಗೆ, ಬೀಜ ಹಸನು ಮಾಡುವ ಕೆಲಸಕ್ಕೆ ಕಳಿಸಿದೆ. ಅವಳು ಪೊರಕೆಯನ್ನು ಗೋಡೆಗೆ ಆನಿಸಿ ಹೋದಳು. ಆಮೇಲಿನ ದಿನಗಳಲ್ಲಿ ಮಿಲ್ಲಿನಲ್ಲಿ ಮಾತು ಕಡಿಮೆಯಾಯಿತು. ಉಳಿದ ಹೆಂಗಸರು ಮೇಸ್ತ್ರಿಗೆ ನೇರವಾಗಿ ಹೇಳುವುದನ್ನು ಬೇಗ ಕಲಿತರು. ನಾಲ್ಕನೇ ಯಂತ್ರದಿಂದ ಒಂದು ದೂರೂ ಬರಲಿಲ್ಲ. ಆ ಯಂತ್ರ ಚೆನ್ನಾಗಿ ನಡೆಯುತ್ತಿದೆ ಎಂದು ನಾನು ಮಿಲ್ಲಿನ ಮಾಲೀಕರಾದ ಸಾಹುಕಾರರಿಗೆ ಹೆಮ್ಮೆಯಿಂದ ಹೇಳಿದ್ದೂ ಉಂಟು.

ಅದು ನಡೆದದ್ದು ಮಧ್ಯಾಹ್ನ ಊಟದ ಬಿಡುವು ಮುಗಿದಾಗ. ಬೆಲ್ಲು ಹೊಡೆಯಿತು, ಮೋಟರಿನವನು ಸ್ವಿಚ್ ಹಾಕಿದ, ಶಾಫ್ಟು ತಿರುಗಿತು. ನಾಲ್ಕನೇ ಯಂತ್ರದ ಪಟ್ಟಾ ಎರಡು ತುದಿ ಸೇರಿಸಿದ ಜೋಡಿನಲ್ಲಿ ಬಿಚ್ಚಿಕೊಂಡು ಹಾರಿತು. ಅದರ ಹತ್ತಿರ ಬಾಗಿ ನಿಂತಿದ್ದ ಮೇಸ್ತ್ರಿಯ ಬಲಗೈ ಅದಕ್ಕೂ ಗಾಲಿಗೂ ನಡುವೆ ಸಿಕ್ಕಿತು. ನಾನು ಓಡಿ ಬರುವಷ್ಟರಲ್ಲಿ ಯಂತ್ರ ನಿಂತಿತ್ತು. ಬಿಳಿ ಹತ್ತಿಯ ಮೇಲೆ ರಕ್ತ ಬಿದ್ದಿತ್ತು. ನಾಲ್ಕನೇ ಯಂತ್ರದ ಹೆಂಗಸು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದಳು. ಜೀಪಿನಲ್ಲಿ ಗದ್ವಾಲಕ್ಕೆ ಕರೆದೊಯ್ದರು. ಅಲ್ಲಿನ ಆಸ್ಪತ್ರೆಯಲ್ಲಿ ಎರಡು ಬೆರಳು ತೆಗೆಯಬೇಕಾಯಿತು.

ವಿಚಾರಣೆ ನನ್ನ ಪಾಲಿಗೆ ಬಂತು. ಅದಕ್ಕೂ ನಾನೇ ಒಂದು ನಮೂನೆ ಮಾಡಿಟ್ಟಿದ್ದೆ. ಪ್ರಶ್ನೆಗಳು ಒಂದು ಕಡೆ, ಹೌದು ಅಥವಾ ಇಲ್ಲ ಎಂದು ಗುರುತು ಹಾಕುವ ಜಾಗ ಇನ್ನೊಂದು ಕಡೆ. ಅವಳನ್ನು ಆಫೀಸಿಗೆ ಕರೆಸಿದೆ.

"ಪಟ್ಟಾ ಬಿಚ್ಚೋದು ಮೊದಲ ನೋಡಿದ್ದೇನು?"

"ನೋಡೀನ್ರಿ. ಊಟದಾಗ ನೀರಿಗಂತ ಒಳಗ ಬಂದಾಗ."

"ಮೇಸ್ತ್ರಿ ಹತ್ರ ಹೋಗಿ ನೇರ ಹೇಳಿದೇನು?"

ಅವಳು ನೆಲ ನೋಡಿದಳು. "ಇಲ್ರಿ."

ಮತ್ತೇನೋ ಹೇಳಲು ಬಾಯಿ ತೆರೆದಳು. ನಾನು ಅಷ್ಟರಲ್ಲಿ ಗುರುತು ಹಾಕಿ ಮುಂದಿನ ಸಾಲಿಗೆ ಹೋಗಿದ್ದೆ. ಹೆಬ್ಬೆಟ್ಟು ಒತ್ತಿಸಿಕೊಂಡು ಕಳಿಸಿದೆ. ಕೆಲಸಗಾರ್ತಿ ಅಪಾಯವನ್ನು ಕಂಡಿದ್ದರೂ ಸೂಚನೆಯಂತೆ ಮೇಸ್ತ್ರಿಗೆ ನೇರವಾಗಿ ತಿಳಿಸಿಲ್ಲ ಎಂದು ವರದಿ ಬರೆದೆ. ಮೇಲೆ ಹೇಳಿದೆನಲ್ಲ, ಒಂದು ಅಕ್ಷರವೂ ಸುಳ್ಳಿರಲಿಲ್ಲ. ಸಾಹುಕಾರರು ಓದಿ ಅವಳಿಗೆ ಮರುದಿನದಿಂದ ಬರಬೇಡ ಎಂದರು. ನಾನು ಕಡತ ಕಟ್ಟಿಟ್ಟೆ.

ಮೂರನೇ ದಿನ ಮೇಸ್ತ್ರಿಯನ್ನು ನೋಡಲು ಗದ್ವಾಲಕ್ಕೆ ಹೋದೆ. ಹಣ್ಣು ಒಯ್ದಿದ್ದೆ, ಅವರ ಹೇಳಿಕೆಗೆ ನಮೂನೆಯನ್ನೂ ಒಯ್ದಿದ್ದೆ. ಹೆಂಡತಿ ಹೊರಗೆ ಚಹಾ ತರಲು ಹೋಗಿದ್ದಳು. ಮೇಸ್ತ್ರಿಯ ಕೈಗೆ ದಪ್ಪನೆಯ ಬ್ಯಾಂಡೇಜು. ಅದರ ಮೇಲೆ ಮನೆಯವರು ದೇವರ ಭಂಡಾರದ ಅರಿಶಿನ ಸವರಿದ್ದರು. ನಾನು ವರದಿ ಕೊಟ್ಟ ವಿಷಯ ಹೇಳಿದೆ, ತಮ್ಮನ ಹೆಂಡತಿಯನ್ನು ಕೆಲಸದಿಂದ ಬಿಡಿಸಿದ್ದನ್ನೂ ಹೇಳಿದೆ. ಅವರು ಬ್ಯಾಂಡೇಜಿನ ಕೈಯನ್ನು ಎದೆಗೆ ಆನಿಸಿಕೊಂಡು ಎದ್ದು ಕೂತರು.

"ಆಕಿ ಹೇಳಿದ್ಳ್ರಿ, ಮೇಡಂ," ಎಂದರು.

ನನಗೆ ಅರ್ಥವಾಗಲಿಲ್ಲ.

"ಊಟದ ಹೊತ್ತಿನ್ಯಾಗ ಎಲ್ಲಾರೂ ಹೊರಗ ಹೋಗಿದ್ರು. ನಾ ಒಬ್ಬನ ಒಳಗ ಉಣಾಕ ಕುಂತಿದ್ನಿ. ಆಕಿ ಬಂದು ಪಟ್ಟಾ ನೋಡಿದ್ಳು. ಕಂಬದ ಕಡಿ ಮಾರಿ ಮಾಡಿ ಹೇಳಿದ್ಳು, ನಾಕನೇದರ ಜೋಡು ಬಿಚ್ಚಾಕತ್ತೈತಿ, ಯಾರರ ನೋಡ್ರಿ ಅಂತ. ಬೀರಪ್ಪನಾಣಿ, ನನಗ ಸಾಫ್ ಕೇಳಿಸ್ತು. ಮಿಷನ್ ನಿಂತಿದ್ವು, ಏನೂ ಗದ್ಲ ಇದ್ದಿಲ್ಲ."

"ಮತ್ತ ಯಾಕ ಏಳಲಿಲ್ರಿ?"

"ಹೆಂಗ ಏಳ್ಲಿ? ಒಳಗ ನಾವಿಬ್ರ. ನಾ ಎದ್ದರ ಆಕಿ ಮಾತಿಗೆ ಜವಾಬ್ ಕೊಟ್ಟಂಗಾತು. ಮುದುಕಿ ಇದ್ದಿದ್ರ ಅದು ಬ್ಯಾರೆ." ಬ್ಯಾಂಡೇಜಿನ ಕಡೆ ನೋಡಿ ಹೇಳಿದರು. "ಆಕಿ ಹೊರಗ ಹೋಗ್ಲಿ, ಆಮ್ಯಾಲ ನಾನ ನೋಡಿದಂಗ ಮಾಡಿ ನೋಡೂಣಂತ ಸುಮ್ಮನಿದ್ನಿ. ಕೈ ತೊಳಕೊಂಡು ಬಂದು ಬಗ್ಗಿದ್ನಿ. ಸ್ವಿಚ್ ಹಾಕಬ್ಯಾಡೋ ಅನ್ನೋದ್ರಾಗ ಹಾಕಿಬಿಟ್ಟ."

ನಾನು ನಮೂನೆಯ ಕಾಗದವನ್ನು ಚೀಲದಿಂದ ಹೊರಗೆ ತೆಗೆಯಲೇ ಇಲ್ಲ. ಅವಳು ನೋಡಿಯೂ ಸುಮ್ಮನಿದ್ದಳು ಎಂದು ಮನೆಯಲ್ಲಿ ಎಲ್ಲರೂ ನಂಬಿದ್ದಾರೆ ಎಂದು ಅವರೇ ಹೇಳಿದರು. ನೀವು ಮನೆಯವರಿಗೆ ನಿಜ ಹೇಳಿದಿರಾ ಎಂದು ಕೇಳಿದೆ. ಇಲ್ಲ ಎಂದು ತಲೆ ಅಲ್ಲಾಡಿಸಿದರು. ಕೇಳಿಸಿಯೂ ಯಂತ್ರ ತಡೆಯದ ಮೇಸ್ತ್ರಿಯನ್ನು ಯಾವ ಮಿಲ್ಲಿನವರು ಇಟ್ಟುಕೊಳ್ಳುತ್ತಾರೆ ಎಂಬ ಹೆದರಿಕೆ ಅವರಿಗಿತ್ತು. ಎಂಟು ಬೆರಳಿನ ಮೇಸ್ತ್ರಿಗೆ ಆ ಹೆದರಿಕೆ ಇರಬಾರದು ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಅಷ್ಟರಲ್ಲಿ ಹೆಂಡತಿ ಚಹಾ ತಂದಳು, ಅವರು ಮಾತು ನಿಲ್ಲಿಸಿದರು.

ವಾಪಸು ಬರುವಾಗ ಬಸ್ಸು ಜುರಾಲಾ ಅಣೆಕಟ್ಟಿನ ಮೇಲೆ ನಿಧಾನವಾಗಿ ಸಾಗುತ್ತಿತ್ತು. ನೀರು ನೋಡುವ ಮನಸ್ಸಿರಲಿಲ್ಲ. ನಾನು ಓದಿದ ಪಾಠವನ್ನೇ ಒಂದೊಂದಾಗಿ ನೆನೆದೆ. ಹೇಳುವವಳು ಹೇಳಿದ್ದಳು, ಕೇಳುವವರಿಗೆ ಕೇಳಿಸಿತ್ತು. ಗದ್ದಲವಿರಲಿಲ್ಲ. ಮಾತು ಕೆಟ್ಟಿರಲಿಲ್ಲ, ಸವೆದಿರಲಿಲ್ಲ. ನಾನು ಓದಿದ ಪುಸ್ತಕದ ಪ್ರಕಾರ ಎಲ್ಲವೂ ಸರಿಯಾಗಿತ್ತು. ಆದರೂ ಒಬ್ಬ ಮನುಷ್ಯನ ಎರಡು ಬೆರಳು ಹೋಗಿದ್ದವು. ನನಗೆ ನನ್ನ ಮೇಲೇ ಹೇಸಿಗೆಯಾಯಿತು.

ಮರುದಿನ ಗೋದಾಮಿಗೆ ಹೋಗಿ ಅಜ್ಜಿಯ ಪಕ್ಕ ಬೀಜದ ರಾಶಿಯ ಮೇಲೆ ಕೂತೆ. ಅವಳು ಕೈ ನಿಲ್ಲಿಸಲಿಲ್ಲ.

"ಇಬ್ರಿಗೂ ಕೇಳಿಸಿದ ಮಾತು ನೀ ಯಾಕ ಮತ್ತ ಹೇಳ್ತಿದ್ದೆ ಯವ್ವಾ?" ಎಂದು ಕೇಳಿದೆ.

"ನಾ ಹೇಳಿದ ಮ್ಯಾಲ ಆತ ಏಳಬಹುದಾಗಿತ್ತು," ಎಂದಳು. "ಅಷ್ಟಕ್ಕ ಹೇಳ್ತಿದ್ನವ್ವ."

"ಅವತ್ತ ನನಗ್ಯಾಕ ಹೇಳಲಿಲ್ಲ ನೀ ಇದನ್ನ?"

"ನೀವು ಕೇಳಲಿಲ್ಲಲ್ಲ ಯವ್ವಾ."

ಅವಳ ಮಾತಿನಲ್ಲಿ ಚುಚ್ಚು ಇರಲಿಲ್ಲ. ಚುಚ್ಚಿದ್ದರೆ ನನಗೆ ಸಿಟ್ಟಾದರೂ ಮಾಡಿಕೊಳ್ಳಲು ಬರುತ್ತಿತ್ತು.

ಅದೇ ದಿನ ಎರಡನೇ ವರದಿ ಬರೆದೆ. ಅದು ಅರ್ಧ ಪುಟ ಕೂಡ ಇರಲಿಲ್ಲ. ಅವಳು ಹೇಳಿದ್ದಳು, ಅವರು ನೋಡಲು ಹೋಗಿಯೇ ಗಾಯ ಮಾಡಿಕೊಂಡರು, ಅವರ ನಡುವೆ ಇದ್ದವಳನ್ನು ತೆಗೆದು ಹಾಕಿದವಳು ನಾನು, ತಪ್ಪು ನನ್ನದು ಎಂದು ಬರೆದೆ. ಸಾಹುಕಾರರು ಎರಡು ಸಲ ಓದಿದರು. ಮೊದಲ ವರದಿ ಚೆನ್ನಾಗಿತ್ತು, ಇದು ಕಥೆಯ ಹಾಗಿದೆ ಎಂದರು. ನಾನು ಎದ್ದು ಬರಲಿಲ್ಲ. ಹಾಗಾದರೆ ನನ್ನ ರಾಜೀನಾಮೆಯನ್ನೂ ಇದರೊಡನೆಯೇ ಇಟ್ಟುಕೊಳ್ಳಿ ಎಂದೆ. ಸೀಸನ್ನಿನ ನಡುವೆ ಮ್ಯಾನೇಜರು ಹೋದರೆ ಅವರಿಗೆ ಕಷ್ಟ. ಕೊನೆಗೆ ಮೇಸ್ತ್ರಿ, ಅವರ ತಮ್ಮನ ಹೆಂಡತಿ ಇಬ್ಬರೂ ಕೆಲಸಕ್ಕೆ ಬರಲಿ, ಗಲಾಟೆ ಬೇಡ ಎಂದು ಕೈ ಬೀಸಿದರು. ಅಜ್ಜಿ ಮತ್ತೆ ಪೊರಕೆ ಹಿಡಿದಳು. ಬೋರ್ಡಿನ ಮೇಲಿನ ಸೂಚನೆಯನ್ನು ನಾನೇ ಒದ್ದೆ ಬಟ್ಟೆಯಿಂದ ಒರೆಸಿದೆ.

ಸೋಮವಾರದಿಂದ ಬಾ ಎಂದು ಅವಳಿಗೆ ಹೇಳಿ ಕಳಿಸಿದೆ. ಸೋಮವಾರ ಅವಳು ಬರಲಿಲ್ಲ, ಮಂಗಳವಾರವೂ ಬರಲಿಲ್ಲ. ಅಷ್ಟು ಹೊತ್ತಿಗೆ ಮೇಸ್ತ್ರಿಯನ್ನು ಮನೆಗೆ ಕರೆತಂದಿದ್ದರು. ಬುಧವಾರ ಮಧ್ಯಾಹ್ನ ನಾನೇ ಅವರ ಮನೆ ಹುಡುಕಿಕೊಂಡು ಹೋದೆ.

ಅಂಗಳದಲ್ಲಿ ಬೇವಿನ ಮರದ ಕೆಳಗೆ ಮೇಸ್ತ್ರಿ ಹಗ್ಗದ ಹೊರಸಿನ ಮೇಲೆ ಕೂತಿದ್ದರು. ಮುಂದೆ ತಟ್ಟೆಯಲ್ಲಿ ರೊಟ್ಟಿ, ಪಲ್ಯ, ಮುಟ್ಟದೆ ಹಾಗೇ ಇತ್ತು. ಅಂಗಳದ ಆಚೆ ತುದಿಯಲ್ಲಿ ಮೂರು ಕಲ್ಲಿಟ್ಟು ಹೊಸ ಒಲೆ ಹೂಡಿದ್ದರು. ಅದರ ಮುಂದೆ ಅವಳು ಒಬ್ಬಳೇ ಕೂತು ರೊಟ್ಟಿ ಬಡಿಯುತ್ತಿದ್ದಳು. ನನ್ನನ್ನು ಕಂಡು ಎದ್ದು ಸೆರಗು ಸರಿಮಾಡಿಕೊಂಡಳು, ಹತ್ತಿರ ಬರಲಿಲ್ಲ. ಮೇಸ್ತ್ರಿಯ ಹೆಂಡತಿ ನನಗೆ ಕಂಬಳಿ ಹಾಸಿದಳು.

ಅವಳನ್ನು ಕೆಲಸಕ್ಕೆ ಕಳಿಸಿಕೊಡಿ ಎಂದೆ.

"ಕೈ ಹೋಗೋದು ಕಣ್ಣಾರೆ ನೋಡಿ ಸುಮ್ಮನಿದ್ದಾಕೀನ ಯಾವ ಮಾರಿಲೆ ಕಳಿಸೂಣ್ರಿ?" ಎಂದಳು ಮೇಸ್ತ್ರಿಯ ಹೆಂಡತಿ. "ನಾವ್ಯಾರೂ ಅಂದಿಲ್ಲ ಮೇಡಂ. ನಿಮ್ಮ ಕಾಗದದಾಗ ಹಂಗ ಬರದೈತಂತ."

ಆಚೆ ರೊಟ್ಟಿ ಬಡಿಯುವ ಸದ್ದು ನಿಂತಿತ್ತು.

"ಕಾಗದ ಬರದಾಕಿ ನಾನ," ಎಂದೆ. "ನಾ ಬರದಿದ್ದು ತಪ್ಪೈತಿ. ಆಕಿ ಹೇಳ್ಯಾಳ. ಹೇಳಿದ್ದು ತಲುಪಿ ಕೆಲಸ ಆಗದಂಗ ಮಾಡಿದಾಕಿ ನಾನು. ನಿಮ್ಮ ಯಜಮಾನ್ರ ಬೆರಳು ಹೋಗಿದ್ದು ನನ್ನಿಂದ."

ಮೇಸ್ತ್ರಿಯ ಹೆಂಡತಿ ನನ್ನನ್ನು ನೋಡಿದಳು, ಆಮೇಲೆ ಗಂಡನನ್ನು ನೋಡಿದಳು. ನಾನೂ ಅವರ ಕಡೆ ನೋಡಿದೆ. ಅವರು ತಲೆ ಎತ್ತಲಿಲ್ಲ. ಹೊರಗಿನವಳೊಬ್ಬಳು ಬಂದು ಎಷ್ಟು ಹೇಳಿದರೇನು, ಅವರು ಹೇಳದಿದ್ದರೆ ಈ ಅಂಗಳದಲ್ಲಿ ಅದು ನಿಲ್ಲುವುದಿಲ್ಲ ಎಂದು ನನಗೆ ಗೊತ್ತಿತ್ತು. ಹೇಳಿ ಎಂದು ಗದರಿಸಬೇಕೆನಿಸಿತು, ಹಳೆಯ ಚಾಳಿ. ಹಲ್ಲು ಕಚ್ಚಿ ಸುಮ್ಮನೆ ಕೂತೆ.

ಮೇಸ್ತ್ರಿ ತಟ್ಟೆಯನ್ನು ಪಕ್ಕಕ್ಕೆ ಸರಿಸಿ ನನ್ನ ಕಡೆ ತಿರುಗಿದರು.

"ಮೇಡಂ, ಆಕೀಗೆ ಹೇಳ್ರಿ. ಆಕಿ ಹೇಳಿದ್ದು ನನಗ ಕೇಳಿಸಿತ್ತು ಅಂತ ಹೇಳ್ರಿ. ಆಕೀದೇನೂ ತಪ್ಪಿಲ್ಲಂತ ಹೇಳ್ರಿ."

ಅವಳು ನಾಲ್ಕು ಮಾರು ದೂರದಲ್ಲಿ ನಿಂತಿದ್ದಳು. ನಾನು ಅವಳ ಕಡೆ ತಿರುಗಿ, ಒಂದು ಪದವನ್ನೂ ಬಿಡದೆ, ಒಂದು ಪದವನ್ನೂ ಸೇರಿಸದೆ ಹೇಳಿದೆ. ಮೇಸ್ತ್ರಿಯ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ತಮ್ಮನ ಹೆಂಡತಿ ಮಾತ್ರ ಅಳಲಿಲ್ಲ. ಇಷ್ಟು ದಿನ ಈ ಅಂಗಳದಲ್ಲಿ ಹೇಳಬೇಕೆಂದಿದ್ದು, ಹೇಳಿ ಕಳಿಸಲು ಯಾರೂ ಸಿಗದೆ ಉಳಿದುಹೋಗಿದ್ದು ಅವಳ ಬಾಯಿಗೆ ಬಂತು.

"ಅವರಿಗೆ ಹೇಳ್ರಿ ಮೇಡಂ. ಗದ್ವಾಲದಿಂದ ಬಂದಾಗಿಂದ ತಟ್ಟಿ ಹಂಗ ತಿರುಗಿ ಹೋಗಾಕತ್ತೈತಿ, ನಾ ಇಲ್ಲಿಂದ ದಿನಾ ನೋಡ್ತೀನಿ. ಎಡಗೈಲೆ ಉಣ್ಣಾಕ ನಾಚಬ್ಯಾಡ್ರಿ ಅಂತ ಹೇಳ್ರಿ. ಯಾರೂ ಏನೂ ಅನ್ನಾಂಗಿಲ್ಲ."

ಅದನ್ನು ಮೇಸ್ತ್ರಿಗೆ ಹೇಳುವಾಗ ನಡುವೆ ಒಮ್ಮೆ ನಿಲ್ಲಿಸಬೇಕಾಯಿತು. ಅವರಿಗೆ ಅದು ಅಷ್ಟರಲ್ಲೇ ಕೇಳಿಸಿತ್ತು, ಕಣ್ಣು ತುಂಬಿದ್ದವು. ಆದರೂ ನಾನು ಪೂರ್ತಿ ಹೇಳಿ ಮುಗಿಸುವವರೆಗೆ ಕಾದರು. ಆಮೇಲೆ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡು ಎಡಗೈಯಿಂದ ರೊಟ್ಟಿ ಮುರಿದರು.